ಬೇವಿನ ಕಳಸಗಿತ್ತಿ

ಅದು ವೈಶಾಖ ಮಾಸದ ಒಂದು ಅಪರಾಹ್ನ... ಯಲಹಂಕವನ್ನು ದಾಟಿ ಉತ್ತರಕ್ಕೆ ಸಾಗುವ ಹೆದ್ದಾರಿಯ ಸದ್ದು ಕ್ಷೀಣವಾಗಿ ಕೇಳಿಸುವಷ್ಟು ದೂರದಲ್ಲಿ, ಗಗನಚುಂಬಿ ಅಪಾರ್ಟ್‌ಮೆಂಟುಗಳ ನೆರಳು ಇನ್ನೂ ತಲುಪದ, ಆದರೆ ತಲುಪಲು ಬಹಳ ಕಾಲವೇನೂ ಬೇಕಿಲ್ಲದ ಹುಣಸೇಪಾಳ್ಯವೆಂಬ ಪುಟ್ಟ ಗ್ರಾಮದ ಮೇಲೆ, ಆಕಾಶವು ಎಳ್ಳಷ್ಟೂ ಕರುಣೆಯಿಲ್ಲದೆ ಉರಿಯುತ್ತಿತ್ತು. ಗಾಳಿಯ ಸುಳಿವಿಲ್ಲ. ದ್ರಾಕ್ಷಿ ಚಪ್ಪರದ ಒಂದು ಎಲೆಯೂ ಅಲುಗುತ್ತಿರಲಿಲ್ಲ; ಗುಲಾಬಿ ಬೆಳೆಯುವ ಪಾಲಿಹೌಸುಗಳ ಶುಭ್ರಶ್ವೇತ ಹೊದಿಕೆಗಳು ಬಿಸಿಲನ್ನು ಹಿಂದಕ್ಕೆರಚಿ ಕಣ್ಣು ಕುಕ್ಕುತ್ತಿದ್ದವು; ನಿಲ್ದಾಣದತ್ತ ಇಳಿಯುವ ವಿಮಾನಗಳು ಮಾತ್ರ ಆಗೊಮ್ಮೆ ಈಗೊಮ್ಮೆ ಆ ನಿಶ್ಚಲ ನೀಲಿಮೆಯನ್ನು ಸೀಳಿ ಹೋಗುತ್ತಿದ್ದವು. ಊರ ನಡುವಿನ ಕಟ್ಟೆಯ ಮೇಲೆ ಒಂದನ್ನೊಂದು ಅಪ್ಪಿಕೊಂಡು ಬೆಳೆದ ಅರಳಿ ಮತ್ತು ಬೇವು, ಆ ಧಗೆಯಲ್ಲೂ ಹಸಿರಾಗಿ, ತಂಪಾಗಿ, ಯಾರ ಹಂಗೂ ಇಲ್ಲದೆ ನಿಂತಿದ್ದವು. ಆಹಾ, ಎಂಥ ದಾಂಪತ್ಯ! ಸಹೃದಯರೇ, ಅದನ್ನು ಈಗಲೇ ಕಣ್ತುಂಬ ನೋಡಿಕೊಂಡುಬಿಡಿ. ಸಂಜೆಯ ಹೊತ್ತಿಗೆ ಅದು ಇರುವುದಿಲ್ಲ.

ದ್ರಾಕ್ಷಿ ತೋಟದಲ್ಲಿ ಒಣಗಿದೆಲೆ ಬಿಡಿಸುತ್ತಿದ್ದ ಗಂಗರತ್ನಮ್ಮನಿಗೆ ಆಗ ನಲವತ್ತೆಂಟು ವರ್ಷ. ಶೆಟ್ಟಿಹಳ್ಳಿಗೆ ಸೊಸೆಯಾಗಿ ಹೋಗಿ, ಮಕ್ಕಳ ಮುಖ ಕಾಣದೆ, ಗಂಡನನ್ನೂ ಕಳೆದುಕೊಂಡು, ಒಂಬತ್ತು ವರ್ಷಗಳ ಹಿಂದೆ ತವರಿಗೆ ಮರಳಿ ಅಣ್ಣ ಭೀಮರಾಜನ ಸಂಸಾರಕ್ಕೆ ಹೆಗಲು ಕೊಟ್ಟವಳು. ಆ ತೋಟದ ಮೂಲೆಯಲ್ಲಿ ನಿಂತರೆ ಅವಳಿಗೆ ಎರಡು ಕಾಣುತ್ತಿದ್ದವು: ಮೂಡಲಿಗೆ ಕಟ್ಟೆಯ ಮರಗಳು, ಪಡುವಲಿಗೆ ನಾಗಭೂಷಣನ ಗುಲಾಬಿಯ ಪಾಲಿಹೌಸು. ಎರಡರ ಮೇಲೂ ಅವಳಿಗೆ ಸಮಾನವಾದ ಮಮತೆ, ಸಮಾನವಾದ ಕೋಪ. ಅದು ಯಾಕೆಂದು ತಿಳಿಯಬೇಕಾದರೆ ನೀವು ನನ್ನೊಡನೆ ಇಪ್ಪತ್ತೊಂಬತ್ತು ವರ್ಷ ಹಿಂದಕ್ಕೆ ಬರಬೇಕು.

ಆಗ ಸತತ ಎರಡು ವರ್ಷ ಮಳೆ ಕೈಕೊಟ್ಟಿತ್ತು. ಕಟ್ಟೆಯ ಮೇಲಿನ ಎಳೆಯ ಅರಳಿಗೂ ಎಳೆಯ ಬೇವಿಗೂ ಮದುವೆ ಮಾಡಿಸಿದರೆ ಮಳೆಯಾಗುತ್ತದೆಂದು ಹಿರಿಯರು ನಿಶ್ಚಯಿಸಿದರು. ಅರಳಿ ವರ, ಬೇವು ವಧು. ಬೇವನ್ನು ನೆಟ್ಟವಳು ನಾಗಭೂಷಣನ ದಿವಂಗತ ತಾಯಿ; ಆದ್ದರಿಂದ ಅವನ ಮನೆಯೇ ವಧುವಿನ ತವರು. ಮದುವೆಯೆಂದಮೇಲೆ ಚಪ್ಪರ, ಅರಿಸಿನ, ಧಾರೆ, ತಾಳಿ ಎಲ್ಲವೂ ಮನುಷ್ಯರ ಮದುವೆಯಂತೆಯೇ ಆಗಬೇಕು. ಹೆಣ್ಣಿನ ಅಣ್ಣನಾಗಿ ಇಪ್ಪತ್ತಮೂರರ ನಾಗಭೂಷಣ ಧಾರೆಗೆ ನಿಂತ. ಆದರೆ ಪಕ್ಕದಲ್ಲಿ ಕಳಸ ಹೊತ್ತು ನಿಲ್ಲಲು ಆ ಮನೆಯ ಮಗಳೊಬ್ಬಳು, ಕಳಸಗಿತ್ತಿ, ಬೇಕಲ್ಲ? ಆ ಮನೆಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. "ಯಾರಮ್ಮಾ ಒರ್ತೀರಾ?" ಎಂದು ಹಿರಿಯರು ಕೇಳಿದ್ದೇ ತಡ, ಹತ್ತೊಂಬತ್ತರ ಗಂಗರತ್ನ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು.

"ನಾನ್ ಹೊರ್ತೀನಿ!"

ಎಂಥ ಆತುರ, ಎಂಥ ಮುಗ್ಧ ಜಾಣತನ! ಒಂದು ವರ್ಷದಿಂದ ಕೆರೆ ಏರಿಯ ಮೇಲೆ, ಹಾಲಿನ ಡೇರಿಯ ಸಾಲಿನಲ್ಲಿ, ಬರಿಯ ಕಣ್ಣುಗಳಲ್ಲೇ ಮಾತಾಡಿಕೊಂಡಿದ್ದ ಆ ಇಬ್ಬರಿಗೆ, ಇಡೀ ಊರಿನೆದುರು ಒಂದು ಮುಹೂರ್ತಕಾಲ ಪಕ್ಕಪಕ್ಕದಲ್ಲಿ ನಿಲ್ಲುವ ಭಾಗ್ಯ ಬೇರೆ ಎಲ್ಲಿ ಸಿಕ್ಕೀತು? ಯಾವ ಸಂಬಂಧದ ಹೆಸರಿನಲ್ಲಿ ನಿಲ್ಲುತ್ತಿದ್ದೇನೆಂದು ಆ ಹುಡುಗಿ ಯೋಚಿಸಲೇ ಇಲ್ಲ. ಧಾರೆಯ ಹಾಲಿನ ಚೊಂಬು ಕೈಬದಲಾಗುವಾಗ ಅವನ ಬೆರಳು ಅವಳ ಬೆರಳಿಗೆ ತಾಕಿತು... ಅಷ್ಟೇ. ಆ ರಾತ್ರಿಯೇ ಮಳೆ ಸುರಿಯಿತು. ಮೂರನೇ ದಿನ ಕೆರೆ ಕೋಡಿ ಬಿತ್ತು.

ಮರುವರ್ಷ ನಾಗಭೂಷಣನ ತಂದೆ ಹೆಣ್ಣು ಕೇಳಲು ಬಂದಾಗ, ಊರಿನ ಯಜಮಾನ ಬ್ಯಾಟರಾಯಪ್ಪ ತಲೆಯಾಡಿಸಿಬಿಟ್ಟ. "ಕಳಸ ಒತ್ತ ಮಗಳು ಅದೇ ಮನೆಗೆ ಸೊಸೆ ಆಗೋದುಂಟೇನಪ್ಪಾ? ದೇವ್ರ ಮುಂದೆ ಅಣ್ಣ ತಂಗಿ ಅಂತ ನಿಂತವ್ರೆ. ಅದು ಸುಳ್ಳು ಅನ್ನೋದಾದ್ರೆ, ಬಂದ ಮಳೇನೂ ಸುಳ್ಳಾ?" ತುಂಬಿದ ಕೆರೆಯನ್ನು ಎದುರಿಗಿಟ್ಟುಕೊಂಡು ಮಳೆಯನ್ನು ಸುಳ್ಳೆನ್ನುವ ಧೈರ್ಯ ಯಾರಿಗಿದೆ? ಗಂಗರತ್ನ ಶೆಟ್ಟಿಹಳ್ಳಿಗೆ ಹೋದಳು. ನಾಗಭೂಷಣ ಮದುವೆಯಾಗಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬದ ಬೆಳಿಗ್ಗೆ, ತಂಗಿಗೆ ಅಣ್ಣ ತರುವ ಬಾಗಿನದ ಮೊರ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದ. ಅವಳು ವಿಧವೆಯಾದ ಮೇಲೆ ಆ ಮೊರದಿಂದ ಬಳೆ, ಕುಂಕುಮಗಳು ಮಾಯವಾದವು. ಬೇಳೆ, ಬೆಲ್ಲ, ಒಂದು ಸೀರೆ ಉಳಿದವು. "ತಗೋ ತಂಗ್ಯಮ್ಮಾ" ಎನ್ನುತ್ತಿದ್ದ. "ಬನ್ನಿ ಅಣ್ಣಯ್ಯ" ಎನ್ನುತ್ತಿದ್ದಳು. ಆ ಎರಡು ಶಬ್ದಗಳನ್ನು ಆಡಿ ಇಬ್ಬರೂ ನೆಲ ನೋಡುತ್ತಿದ್ದರು, ಮತ್ತೆ ಒಂದು ವರ್ಷ ಕಳೆಯುತ್ತಿತ್ತು.

ಈಗ ಮರಳಿ ಆ ಅಪರಾಹ್ನಕ್ಕೆ ಬನ್ನಿ. ನಾಲ್ಕು ಗಂಟೆಯ ಸುಮಾರಿಗೆ ದೊಡ್ಡಬಳ್ಳಾಪುರದ ದಿಕ್ಕಿನಿಂದ, ಯಾರೂ ಹಿಂದೆ ಕಾಣದ ಹಸಿರುಗಪ್ಪು ಬಣ್ಣದ ಮೇಘಸ್ತೋಮವೊಂದು ಎದ್ದಿತು. ಮೊದಲು ಗಾಳಿ... ಅದು ಗಾಳಿಯೇ? ನೆಲವನ್ನೇ ಚಾಪೆಯಂತೆ ಸುತ್ತಿಕೊಂಡು ಹೋಗಲು ಬಂದ ಯಾವುದೋ ಮಹೋಗ್ರ ಶಕ್ತಿ! ಹಿಂದೆಯೇ ನಿಂಬೆಗಾತ್ರದ ಆಲಿಕಲ್ಲು. ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು ಒಂದರ ಮೇಲೊಂದು ಒರಗಿ ಸಾಲುಸಾಲಾಗಿ ಉರುಳಿದವು; ಎಳೆಗೊಂಚಲುಗಳು ಕೆಸರಿನಲ್ಲಿ ಹೂತುಹೋದವು; ಪಾಲಿಹೌಸುಗಳ ಹೊದಿಕೆಗಳು ಹರಿದು, ಬಿಳಿಯ ಸೀರೆಗಳ ಹಾಗೆ ಆಕಾಶದಲ್ಲಿ ಬಡಿದಾಡುತ್ತ ಕಣ್ಮರೆಯಾದವು. ಪಂಪ್‌ಸೆಟ್ಟಿನ ಮನೆಯೊಳಗೆ ಮುದುರಿ ಕುಳಿತಿದ್ದ ಗಂಗರತ್ನಮ್ಮನ ತಲೆಯ ಮೇಲಿನ ತಗಡಿನ ಮಾಡು ಒಂದೇ ಏಟಿಗೆ ಕಿತ್ತು ಹೋಯಿತು. ಅವಳು ಕಿರುಚಿಕೊಂಡಳು. ಆ ಭೋರ್ಗರೆತದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಆದರೆ ಬೇರೊಂದು ಕೂಗು ಕೇಳಿಸಿತು.

"ಗಂಗಾ! ಗಂಗಾ, ಎಲ್ಲಿದ್ದೀಯಾ?"

ತಂಗ್ಯಮ್ಮ ಅಲ್ಲ... ಗಂಗಾ! ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಅವನ ಕಣ್ಣುಗಳಷ್ಟೇ ಕರೆದಿದ್ದ ಹೆಸರು! ನಾಗಭೂಷಣ ಗೋಣಿಚೀಲವನ್ನು ತಲೆಗೆ ಹಿಡಿದು, ಹಣೆಯಿಂದ ರಕ್ತ ಸುರಿಸಿಕೊಂಡು, ಉರುಳಿದ ಕಂಬಗಳನ್ನು ದಾಟಿ ಓಡಿಬಂದ. ಅವಳನ್ನು ಗೋಡೆಗೆ ಒತ್ತಿ, ಗೋಣಿಚೀಲವನ್ನು ಅವಳ ತಲೆಗೆ ಹೊದಿಸಿ, ತನ್ನ ಬೆನ್ನನ್ನು ಆಕಾಶಕ್ಕೊಡ್ಡಿ ನಿಂತ. ಆಲಿಕಲ್ಲು ಅವನ ಬೆನ್ನ ಮೇಲೆ ಬೀಳುವ ಸದ್ದು ಅವಳಿಗೆ ಒಂದೊಂದೂ ಕೇಳಿಸುತ್ತಿತ್ತು.

"ನಿಮ್ಮ ಗುಲಾಬಿ?" ಎಂದಳು.

"ಹೋಯ್ತು. ನೋಡಕ್ಕೂ ನಿಲ್ಲಲಿಲ್ಲ ನಾನು."

ಲೋಕವೇ ನುಚ್ಚುನೂರಾಗುತ್ತಿದ್ದ ಆ ಅರ್ಧ ಗಂಟೆಯಲ್ಲಿ ಗಂಗರತ್ನಮ್ಮ ಸುಖವಾಗಿದ್ದಳು. ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸುಖವಾಗಿದ್ದಳು! ಅಣ್ಣನ ತೋಟ ಕಣ್ಣೆದುರೇ ನೆಲ ಕಚ್ಚುತ್ತಿರುವಾಗ ಇಂಥ ಸುಖ ಪಡುವುದು ಪಾಪವೆಂದು ಅವಳಿಗೂ ಗೊತ್ತಿತ್ತು.

ಮಳೆ ನಿಂತ ಮೇಲೆ ಇಬ್ಬರೂ ಊರ ಕಡೆ ನಡೆದರು. ಕಟ್ಟೆಯ ಮೇಲೆ ಬೇವು ಬುಡಸಮೇತ ಕಿತ್ತು ಮಲಗಿತ್ತು. ಅರಳಿ ನಿಂತೇ ಇತ್ತು. ಬೇವು ಅಪ್ಪಿಕೊಂಡಿದ್ದ ಜಾಗದಲ್ಲಿ ಮಾತ್ರ ತೊಗಟೆ ಸುಲಿದು ಹಸಿಯಾಗಿ ಕಾಣುತ್ತಿತ್ತು.

"ಬೇವು ಹೋಯ್ತಲ್ಲ," ಎಂದಳು ಗಂಗರತ್ನಮ್ಮ ಮೆಲ್ಲಗೆ. "ನಾನು ಕಳಸ ಹೊತ್ತಿದ್ದು ಅದರ ಮದ್ವೇಗೆ. ಅದೇ ಇಲ್ಲ ಅಂದ್ಮೇಲೆ..."

ಉಳಿದ ಮಾತು ಅವನಿಗೆ ಅರ್ಥವಾಯಿತು. ಕಿತ್ತ ಬೇರಿಗಂಟಿದ್ದ ಮಣ್ಣನ್ನು ಕೈಯಿಂದ ಉದುರಿಸಿದ.

"ನಾಳೆ ಬೆಳಿಗ್ಗೆ ಎಲ್ರೂ ಇಲ್ಲೇ ಸೇರ್ತಾರೆ. ಎಲ್ರ ಮುಂದೇನೇ ಕೇಳ್ತೀನಿ, ಗಂಗಾ. ಇನ್ನು ಕಳ್ಕೊಳ್ಳೋಕೆ ನನ್ ಹತ್ರ ಏನಿದೆ?"

ಮರುದಿನ ಸೂರ್ಯ ಏನೂ ತಿಳಿಯದವನಂತೆ ಮೂಡಿದ. ಗಂಗರತ್ನಮ್ಮ ತಲೆಗೆ ನೀರೆರೆದುಕೊಂಡು, ಪೆಟ್ಟಿಗೆಯ ಅಡಿಯಲ್ಲಿದ್ದ ತಿಳಿನೀಲಿ ಸೀರೆಯುಟ್ಟಳು. ಅಣ್ಣನ ಮಗಳು ವೇದಾ, ಹದಿನೇಳರ ಚುರುಕು ಹುಡುಗಿ, "ಏನ್ ಸಮಾಚಾರ ಅತ್ತೆ, ಇವತ್ತು ಇಷ್ಟು ಚೆನ್ನಾಗ್ ಕಾಣ್ತಿದ್ದೀರಾ?" ಎಂದು ಛೇಡಿಸಿದಳು. ಅತ್ತೆ ಅವಳ ಕೈಹಿಡಿದು ಕಟ್ಟೆಗೆ ಕರೆದುಕೊಂಡು ಹೋದಳು.

ಊರಿಗೆ ಊರೇ ಅಲ್ಲಿತ್ತು. ಯಾರ ಮುಖದಲ್ಲೂ ರಕ್ತವಿರಲಿಲ್ಲ. ಭೀಮರಾಜ ರಾತ್ರಿಯಿಡೀ ಕಂಬ ಎತ್ತಿ ಊದಿಕೊಂಡ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. ಊರಿನ ಹೂವನ್ನೆಲ್ಲ ಕೊಂಡು ಪೇಟೆಗೆ ಸಾಗಿಸುತ್ತಿದ್ದ ಅಬ್ರಾರ್, ಖಾಲಿ ಗಾಡಿಗೆ ಒರಗಿ ನಿಂತಿದ್ದ. ಮುದುಕಿ ಅಂಜನಮ್ಮ, ಜಜ್ಜಿಹೋದ ಸೇವಂತಿಗೆಯನ್ನೇ ಅಭ್ಯಾಸಬಲದಿಂದ ಬಿಡಿಸಿ ಬುಟ್ಟಿಯಲ್ಲಿ ತಂದಿದ್ದಳು. ಅದನ್ನು ಯಾರಿಗೆ ಕೊಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಎಪ್ಪತ್ತೈದು ದಾಟಿದ ಬ್ಯಾಟರಾಯಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದ್ದರು.

"ಎಣ್ಣು ಬಿದ್ದೋದ್ಲು. ಗಂಡು ಒಂಟಿಯಾಗವ್ನೆ," ಎಂದ ಯಜಮಾನ. "ಒಂಟಿ ಅರಳಿ ಊರ್‌ಗೆ ಆಗಲ್ಲ ಕಣ್ರಪ್ಪಾ. ಇಂಗೇ ಬಿಟ್ರೆ ಇನ್ನೂ ಏನೇನ್ ಬರ್ತದೋ. ಬರೋ ಲಗ್ನಕ್ಕೆ ಒಸಾ ಬೇವು ತಂದು ಮದ್ವೆ ಮಾಡುವಾ."

ಗಮನಿಸಿದಿರಾ ಓದುಗರೇ! ಮರವೊಂದು ಹೆಂಡತಿಯನ್ನು ಕಳೆದುಕೊಂಡು ಒಂದು ಹಗಲು ಕಳೆದಿಲ್ಲ, ಅದಕ್ಕೆ ಎರಡನೇ ಸಂಬಂಧ ಗೊತ್ತಾಗಿಹೋಯಿತು. ಅಲ್ಲಿದ್ದ ಒಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

"ಎಣ್ಣಿನ ಮನೆ ನಿಂದೇ, ನಾಗಭೂಷ್ಣ. ಏನಂತೀಯಪ್ಪಾ?"

ನಾಗಭೂಷಣ ಎದ್ದು ನಿಂತ. ಹೆಂಗಸರ ಹಿಂದೆ, ವೇದಾಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ ನೀಲಿ ಸೀರೆಯನ್ನು ನೋಡಿದ. ಬಾಯಿ ತೆರೆದ... ಆಗ ಅವನ ದೃಷ್ಟಿ ಭೀಮರಾಜನ ಕೈಗಳ ಮೇಲೆ ಹರಿಯಿತು, ಅಂಜನಮ್ಮನ ಬುಟ್ಟಿಯ ಮೇಲೆ ಹರಿಯಿತು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ನಮ್ಮ ಕೈಯಲ್ಲಿ ಇನ್ನೂ ಏನೋ ಒಂದು ಉಳಿದಿದೆ, ಒಂದು ಸಸಿ ನೆಟ್ಟರೆ ಆಕಾಶ ನಮ್ಮ ಮಾತು ಕೇಳುತ್ತದೆ ಎಂಬ ಆ ಕೊನೆಯ ನಂಬಿಕೆ ಅವರ ಕಣ್ಣುಗಳಲ್ಲಿತ್ತು. ಅಂದಿನ ಕಳಸ ಸುಳ್ಳು ಎಂದರೆ ಆ ನಂಬಿಕೆಯೂ ಸುಳ್ಳು ಎಂದಂತೆಯೇ. ಅವನು ಕೆಟ್ಟವನಲ್ಲ. ಆಲಿಕಲ್ಲಿಗೆ ಬೆನ್ನು ಕೊಟ್ಟವನಿಗೆ ಆ ಕಣ್ಣುಗಳನ್ನು ಎದುರಿಸುವುದು ಆಗಲಿಲ್ಲ, ಅಷ್ಟೇ.

"ಆಗ್ಲಿ," ಎಂದ. "ಸಸಿ ನಾನೇ ಕೊಡ್ತೀನಿ."

ಒಂದು ನಿಟ್ಟುಸಿರು ಇಡೀ ಕಟ್ಟೆಯನ್ನು ಹಾದುಹೋಯಿತು. "ಕಳಸಕ್ಕೆ ಯಾರು?" ಎಂದರು ಯಾರೋ. ಬ್ಯಾಟರಾಯಪ್ಪನ ಮಂಜುಗಣ್ಣುಗಳು ಗಂಗರತ್ನಮ್ಮನನ್ನು ಒಮ್ಮೆ ಮುಟ್ಟಿ, ಮುಂದಕ್ಕೆ ಸರಿದವು. "ಗಂಗರತ್ನಮ್ಮ ಈಗ ಒರೋ ಅಂಗಿಲ್ಲ, ಪಾಪ. ಅವ್ಳ ಮನೆ ಮಗಳು ವೇದಾ ಒರ್ಲಿ." ಅದರಲ್ಲಿ ಕುಹಕವಿರಲಿಲ್ಲ, ನಿಜವಾದ ಮರುಕವೇ ಇತ್ತು.

ನಾಗಭೂಷಣ ಹುಡುಗಿಯ ಕಡೆ ತಿರುಗಿದ. ಹಣೆಯ ಗಾಯ ಇನ್ನೂ ಹಸಿಯಾಗಿತ್ತು.

"ಹೊರ್ತೀಯೇನಮ್ಮಾ... ತಂಗ್ಯಮ್ಮಾ?"

ವೇದಾ ಅತ್ತೆಯ ಮುಖ ನೋಡಿದಳು. ಅತ್ತೆ ಹೂಂ ಎಂಬಂತೆ ಅವಳ ಹೆಗಲನ್ನು ಒತ್ತಿದಳು. ಯಾವ ಶಬ್ದವನ್ನು ಇಪ್ಪತ್ತೊಂಬತ್ತು ವರ್ಷ ಅವಳು ಮನಸಾರೆ ಶಪಿಸಿದ್ದಳೋ, ಅದು ಈಗ ಅವಳ ಕಣ್ಣೆದುರೇ ಇನ್ನೊಬ್ಬಳ ಪಾಲಾಯಿತು. ಅವನಿಂದ ಅವಳಿಗೆ ಸಿಕ್ಕಿದ್ದು ಜನ್ಮದಲ್ಲಿ ಅದೊಂದೇ ಎಂದು ಅವಳಿಗೆ ಹೊಳೆದದ್ದು ಆಗ. ಪ್ರೇಯಸಿಯಾಗಲಿಲ್ಲ, ಹೆಂಡತಿಯಾಗಲಿಲ್ಲ, ಇನ್ನು ತಂಗಿಯೂ ಅಲ್ಲ!

ಜ್ಯೇಷ್ಠದಲ್ಲಿ ಮದುವೆಯಾಯಿತು. ವಾಲಗದ ಸದ್ದು ಕೇಳುತ್ತ ಗಂಗರತ್ನಮ್ಮ ತೋಟದಲ್ಲಿ ಹರಿದ ತಂತಿಗಳನ್ನು ಸುತ್ತುತ್ತಿದ್ದಳು. ಮಳೆ ಬಂತೇ ಎಂದು ಕೇಳುತ್ತೀರಾ? ಬಂತು... ಬರಬಾರದ ಹಾಗೆಯೇ ಬಂತು. ಆಷಾಢದ ಗಾಳಿಗೆ ಭೀಮರಾಜ ಮತ್ತೆ ನಿಲ್ಲಿಸಿದ್ದ ಕಂಬಗಳಲ್ಲಿ ಅರ್ಧ ಮತ್ತೆ ಮಲಗಿದವು. ನಾಗಭೂಷಣನ ಪಾಲಿಹೌಸಿನ ಬರಿಯ ಕಬ್ಬಿಣದ ಕಮಾನುಗಳು ಹೊದಿಕೆಯಿಲ್ಲದೆ ತುಕ್ಕು ಹಿಡಿದವು. ಅವನು ಅವಳೆದುರು ಬರುವ ದಾರಿಗಳನ್ನೆಲ್ಲ ಬಿಟ್ಟು ಬೇರೆ ದಾರಿಗಳಲ್ಲಿ ನಡೆಯತೊಡಗಿದ.

ಭಾದ್ರಪದದಲ್ಲಿ ಗೌರಿ ಹಬ್ಬ ಬಂತು. ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾದಾಗ, ಸಹೃದಯರೇ, ಅವಳು ಓಡಿಹೋದಳು! ಎಲ್ಲ ತಿಳಿದಿದ್ದೂ ಓಡಿದಳು. ಹೊಸ್ತಿಲಾಚೆ ನಾಗಭೂಷಣ ಮೊರ ಹಿಡಿದು ನಿಂತಿದ್ದ. ಮೊರದಲ್ಲಿ ಬೇಳೆ, ಬೆಲ್ಲ... ಮತ್ತು ಒಂಬತ್ತು ವರ್ಷಗಳಿಂದ ಇಲ್ಲದಿದ್ದ ಹಸಿರು ಬಳೆಗಳು, ಕುಂಕುಮದ ಪೊಟ್ಟಣ. ಬಳೆಗಳನ್ನು ಕಂಡಾಗಲೇ ಅವಳಿಗೆ ಗೊತ್ತಾಯಿತು.

ಅವನು ಏನೆಂದು ಕರೆಯಬೇಕೆಂದು ತಡಕಾಡಿದ. ತಂಗ್ಯಮ್ಮ ಎನ್ನಲಿಲ್ಲ. ಗಂಗಾ ಎನ್ನಲಿಲ್ಲ.

"ವೇದಾ ಇದ್ದಾಳಾ?" ಎಂದ.

"ಇದ್ದಾಳೆ. ಒಳಗ್ ಬನ್ನಿ," ಎಂದಳು. ಅಣ್ಣಯ್ಯ ಎಂಬ ಶಬ್ದ ನಾಲಿಗೆಯ ತುದಿಗೆ ಬಂದು, ತನಗೆ ಇನ್ನು ಅದರ ಹಕ್ಕಿಲ್ಲವೆಂದು ನೆನಪಾಗಿ ಹಿಂದೆ ಸರಿಯಿತು. ನಡುಮನೆಯತ್ತ ತಿರುಗಿ ಕೂಗಿದಳು: "ವೇದಾ, ಬಾಮ್ಮಾ. ನಿಮ್ಮಣ್ಣ ಬಂದವ್ರೆ."

ಮನುಷ್ಯನ ಹೃದಯದ ವಿಚಿತ್ರವನ್ನು ಏನೆಂದು ಹೇಳಲಿ! ಬೇಕಾದ ಒಲವು ದೊರೆಯದಾಗ, ಅದರ ಬದಲಿಗೆ ದೊರೆತ ಯಾವುದೋ ಒಲ್ಲದ ಹೆಸರನ್ನು ಹಿಡಿದು ಅದು ಜೀವಮಾನವೆಲ್ಲ ಬದುಕಬಲ್ಲುದು. ಆ ಹೆಸರೂ ಹೋದಮೇಲೆ ಏನು ಹಿಡಿಯಬೇಕೆಂಬುದನ್ನು ಮಾತ್ರ ಅದಕ್ಕೆ ಯಾರೂ ಕಲಿಸಿಲ್ಲ. ಗಂಗರತ್ನಮ್ಮ ಅಡುಗೆಮನೆಗೆ ಹೋಗಿ, ಲೋಟ ತೊಳೆದು, ಬಿಸಿಲಲ್ಲಿ ನಡೆದು ಬಂದವನಿಗೆ ನೀರು ತುಂಬಿದಳು. ಬಾಗಿಲಿಗೆ ಬಂದವರಿಗೆ ನೀರು ಕೊಡಲು ಸಂಬಂಧವೇನೂ ಬೇಕಿಲ್ಲ.