ನಡುಗುವ ಕೈಗೊಂದು ಕನೆಕ್ಟರ್

ರುದ್ರೇಶ ಆ ಮಾತನ್ನು ಕೆಟ್ಟದಾಗಿ ಹೇಳಲಿಲ್ಲ, ಅದೇ ನನಗೆ ಇನ್ನೂ ಹೊಟ್ಟೆ ಉರಿಸುತ್ತದೆ. ಕೆಟ್ಟದಾಗಿ ಹೇಳಿದ್ದರೆ ನಾಲ್ಕು ಬೈದು ಕಳಿಸಿ ನಿರಾಳವಾಗಬಹುದಿತ್ತು. ಸವಣೂರು ಸುತ್ತಿನ ಹಳ್ಳಿಗಳಿಗೆ ಇಂಟರ್ನೆಟ್ ಕೇಬಲ್ ಎಳೆಯುವ ಧಂದೆ ಅವನದು. ನನ್ನ ಗಂಡ ದುರ್ಗೇಶ ಅವನ ಹತ್ತಿರ ಕಂಬ ಹತ್ತಿ ಫೈಬರ್ ಅನ್ನುವ ಗಾಜಿನ ಎಳೆ ಜೋಡಿಸುವ ಕೆಲಸದಲ್ಲಿದ್ದ. ಒಂದು ಸಂಜೆ ಯಲವಿಗಿಯ ನಮ್ಮ ಮನೆಗೆ ಬಂದು, ಚಹಾ ಕುಡಿದು, ಕಪ್ಪನ್ನು ತಾನೇ ಒಳಗಿಟ್ಟು ಬಂದು ರುದ್ರೇಶ ಹೇಳಿದ:

"ಅಕ್ಕಾರ, ದುರ್ಗೇಶಣ್ಣನ ಕೈ ನಡಗಾಕತ್ತಾವ್ರಿ. ಒಂದ ಜಾಯಿಂಟನ್ನ ಹೊಳ್ಳಿ ಹೊಳ್ಳಿ ಮಾಡ್ತಾರ. ದೀಪಾವಳಿ ಮಟಾ ನೋಡ್ತೇನ್ರಿ. ಆಮ್ಯಾಲ ಆಫೀಸಿನ್ಯಾಗ ಕುಂತ್ ಫೋನ್ ಎತ್ತಲಿ."

ದುರ್ಗೇಶ ಹೊರಗೆ ಕಟ್ಟೆಯ ಮೇಲೆ ಕೂತಿದ್ದ, ಎರಡೂ ಕೈ ತೊಡೆಯ ಕೆಳಗೆ. ಅವನಿಗೆ ಎಲ್ಲಾ ಕೇಳಿಸಿತ್ತು.

ಅವನು ನನ್ನ ಸೋದರತ್ತೆಯ ಮಗ. ಚಿಕ್ಕಂದಿನಲ್ಲಿ ಲೇ ಅಂತ ಕರೆದವಳು ನಾನು. ಮದುವೆಯಾದ ಮೇಲೆ ಮಂದಿಯ ಮುಂದೆ ರೀ ಅಂದರೂ ಮನೆಯೊಳಗೆ ನೀ ಅನ್ನುವುದನ್ನು ಬಿಟ್ಟಿಲ್ಲ. ಅವನ ಕೈ ನನಗೆ ಆಗಿನಿಂದ ಗೊತ್ತು. ಶಾಲೆಯ ರಂಗೋಲಿ ಸ್ಪರ್ಧೆಯಲ್ಲಿ ಹುಡುಗಿಯರನ್ನೆಲ್ಲ ಸೋಲಿಸಿ, ಬಹುಮಾನವಾಗಿ ಬಳೆ ತಂದವನು. ಗಾಜಿನ ಎಳೆಯ ಕೆಲಸಕ್ಕೆ ಅಂಥ ಕೈಯೇ ಬೇಕು. ಎಳೆ ಕೂದಲಿನಷ್ಟು ದಪ್ಪ, ಅದರೊಳಗೆ ಬೆಳಕು ಓಡುವ ದಾರಿ ಅದಕ್ಕಿಂತ ಎಷ್ಟೋ ಸಣ್ಣದು. ಎರಡು ತುದಿಗಳು ಎದುರುಬದುರು ನಿಂತು ಆ ಎರಡು ದಾರಿ ಕೂಡಬೇಕು. ಕಣ್ಣಿಗೆ ಕಾಣದಷ್ಟು ಸರಿದರೂ ಬೆಳಕು ನಡುವೆಯೇ ಸೋರಿಹೋಗುತ್ತದೆ. ಜೋಡಿಸುವ ಯಂತ್ರವೇನೋ ಇದೆ, ಆದರೆ ಅದರೊಳಗೆ ಎಳೆಯನ್ನು ಮಲಗಿಸುವುದು ಮನುಷ್ಯನ ಬೆರಳೇ.

ನಡುಕಕ್ಕೆ ಪಾರ್ಕಿನ್ಸನ್ ಅಂತ ಹೆಸರಿಟ್ಟವರು ಹುಬ್ಬಳ್ಳಿಯ ಡಾಕ್ಟರು. ನಲವತ್ತು ತುಂಬದವರಿಗೆ ಬರುವುದು ಅಪರೂಪ ಅಂದರು. ಅಪರೂಪದ್ದು ನಮ್ಮ ಮನೆಯನ್ನೇ ಹುಡುಕಿಕೊಂಡು ಬರಬೇಕಿತ್ತೇ ಅಂತ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಜಗಳಾಡಿದೆ, ಯಾರ ಜೊತೆ ಅಂತ ನನಗೂ ಗೊತ್ತಿಲ್ಲ. ಗುಳಿಗೆ ಬರೆದುಕೊಟ್ಟರು. ಹೊತ್ತಿಗೆ ಸರಿಯಾಗಿ ಒಂದೊಂದೇ ನುಂಗಬೇಕು, ತಪ್ಪಿಸಬಾರದು, ಹೆಚ್ಚು ಮಾಡಲೂಬಾರದು ಅಂದರು.

ರುದ್ರೇಶ ಹೋದ ಮೇಲೆ ನಾನು ಕಟ್ಟೆಗೆ ಬಂದು ಹೇಳಿದೆ: "ನಿನ್ನ ಕೈಗೆ ಹೊಂದೋ ಕನೆಕ್ಟರ್ ನಾ ಮಾಡ್ತೇನಿ. ನಡುಗಲಿ, ಏನ ಬೇಕಾದ್ದ ಆಗಲಿ. ನೀ ಕಂಬದ ಕೆಲಸ ಬಿಡಬ್ಯಾಡ."

"ಹುಚ್ಚಿ," ಅಂದ. ಆದರೆ ಕೈ ಹೊರಗೆ ತೆಗೆದ.

ಹುಬ್ಬಳ್ಳಿಯಲ್ಲಿ ಶೇಖಸಾಬರ ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮೇಲೆ ಅಚ್ಚಿನ ಚಿತ್ರ ಬರೆಯುವುದು ನನ್ನ ಕೆಲಸ. ಮುಂಜಾನೆಯ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತೇನೆ. ಎರಡು ಎಳೆಗಳನ್ನು ಒತ್ತಿ ಕೂಡಿಸುವ ಕನೆಕ್ಟರ್‌ಗಳು ಪೇಟೆಯಲ್ಲಿ ಬೇಕಾದಷ್ಟಿವೆ, ಅವಕ್ಕೆ ಯಂತ್ರ ಬೇಡ. ಆದರೆ ಎಳೆ ತೂರಿಸುವ ಬಾಯಿ ಸೂಜಿಯ ಕಣ್ಣಿನಷ್ಟು. ಅವನ್ನು ಮಾಡಿದವರು ನಡುಗುವ ಕೈಯನ್ನು ನೆನೆಸಿಕೊಂಡಿರಲಿಕ್ಕಿಲ್ಲ. ನಾನು ಬಾಯಿಯನ್ನು ಎಣ್ಣೆ ಸುರಿಯುವ ಲಾಳಿಕೆಯ ಹಾಗೆ ಅಗಲ ಮಾಡಿದೆ. ತುದಿ ಎಲ್ಲಿ ತಾಗಿದರೂ ಜಾರಿ ಒಳಗಿನ ಸಣ್ಣ ಕಾಲುವೆಗೆ ಇಳಿಯಬೇಕು. ಅಲ್ಲಿ ಮೊದಲೇ ಒಂದು ಗಿಡ್ಡ ಎಳೆ ಕಾದಿರುತ್ತದೆ. ಎರಡೂ ತುದಿ ಮುಟ್ಟಿದ ಮೇಲೆ ಮುಚ್ಚಳ ಒತ್ತಿದರೆ ಆಯಿತು.

ಬಾಯಿಯನ್ನು ಮನಸ್ಸಿಗೆ ಬಂದಷ್ಟು ಅಗಲ ಮಾಡಲಿಕ್ಕೆ ಆಗುವುದಿಲ್ಲ. ಒಂದು ಮಿತಿ ದಾಟಿದರೆ ಬಾಯಿಯ ಒಳಗೋಡೆ ಇಳಿಜಾರು ಕಳೆದುಕೊಂಡು ಅಡ್ಡವಾಗುತ್ತದೆ, ಗಾಜಿನ ತುದಿ ಬಡಿದು ಚೂರಾಗುತ್ತದೆ. ಹಾಗಾಗಿ ಅವನ ಕೈ ಎಷ್ಟು ಓಡಾಡುತ್ತದೆ ಅಂತ ನನಗೆ ಗೊತ್ತಾಗಬೇಕಿತ್ತು. ಅಂಗಿ ಹೊಲಿಯುವವನಿಗೆ ಎದೆಯ ಅಳತೆ ಬೇಕಾದ ಹಾಗೆ.

ರವಿವಾರ ಅಳತೆಯ ದಿನ. ಪಡಸಾಲೆಯ ಬೆಳಕಿನಲ್ಲಿ ಗ್ರಾಫ್ ಕಾಗದ ಹಾಸುತ್ತಿದ್ದೆ. ತುದಿಗೆ ಕೆಂಪು ಹಚ್ಚಿದ ಎಳೆಯನ್ನು ಅವನು ಅದರ ಮೇಲೆ ಹಿಡಿಯಬೇಕು, ನಾನು ಮೊಬೈಲಿನಲ್ಲಿ ಚಿತ್ರ ತೆಗೆದು ತುದಿ ಎಷ್ಟು ಚೌಕ ದಾಟಿತು ಅಂತ ಎಣಿಸಬೇಕು. ಪಾಪ, ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದ.

"ಎಷ್ಟ ಬಂತು?"

"ಹೋದ ವಾರಕ್ಕಿಂತ ಕಡಿಮಿ ಐತಿ ನೋಡಲೇ!"

ನಾನು ಕುಣಿದಾಡುವುದೊಂದು ಬಾಕಿ. ವಾರದ ದಿನಗಳಲ್ಲಿ ನಾನು ಮನೆಗೆ ಬರುವಷ್ಟರಲ್ಲಿ ಅವನು ಊಟ ಮುಗಿಸಿ ಕಂಬಳಿ ಹೊದ್ದು ಮಲಗಿರುತ್ತಿದ್ದ. ದಣಿದಿದ್ದಾನೆ ಅಂದುಕೊಂಡೆ. ಮತ್ತೇನು ಅಂದುಕೊಳ್ಳಬೇಕಿತ್ತು?

ನಾನು ಬರೆದ ಕನೆಕ್ಟರಿನ ಚಿತ್ರ ನೋಡಿ ಶೇಖಸಾಬರು ಗಡ್ಡ ಕೆರೆದುಕೊಂಡರು. "ಬೇಟಿ, ಇದಕ್ಕಿಂತ ಬಾಯಿ ಅಗಲ ಆದ್ರ ಗಾಜು ಉಳಿಯಂಗಿಲ್ಲ. ನಿನ್ನ ಗಂಡನ ಕೈ ಇದರಾಗ ಹಿಡಿತೈತೇನು?"

"ಹಿಡಿತೈತ್ರಿ ಚಾಚಾ. ಇನ್ನೂ ಜಾಗಾ ಉಳಿತೈತಿ."

ಕಾರ್ಖಾನೆಯ ಕೆಲಸ ಮುಗಿದ ಮೇಲೆ ತಾವೇ ನಿಂತು ಉಕ್ಕಿನಲ್ಲಿ ಅಚ್ಚು ಕೊರೆಸಿದರು. ಮೊದಲ ಕನೆಕ್ಟರ್‌ಗಳನ್ನು ಒಂದು ರವಿವಾರ ಮನೆಗೆ ತಂದೆ. ದುರ್ಗೇಶ ಎಳೆಯನ್ನು ಬಾಯಿಗೆ ತಂದ, ತುದಿ ಒಂದು ಸಲ ಅಂಚಿಗೆ ತಾಗಿ, ಜಾರಿ, ಒಳಗೆ ಇಳಿಯಿತು. ಮುಚ್ಚಳ ಒತ್ತಿದ. ಆ ಕಡೆಯಿಂದ ಕೆಂಪು ಟಾರ್ಚ್ ಬಿಟ್ಟೆ. ಈ ಕಡೆಯ ತುದಿಯಿಂದ ಬೆಳಕು ಅವನ ಅಂಗೈಯಲ್ಲಿ ಬಿತ್ತು. ಇಬ್ಬರೂ ಅತ್ತೆವು. ಸವಣೂರಿಗೆ ಹೋಗಿ ಖಾರಾ ತಿಂದು, ಬಸ್ಸು ತಪ್ಪಿಸಿಕೊಂಡು, ಯಾರದೋ ಟಂಟಂ ರಿಕ್ಷಾದಲ್ಲಿ ಕೂತು ಮನೆಗೆ ಬಂದೆವು. ನನ್ನ ಮದುವೆಯ ದಿನಕ್ಕಿಂತ ನನಗೆ ಅದು ಹೆಚ್ಚು ನೆನಪಿದೆ.

ರುದ್ರೇಶ ಒಪ್ಪಿದ. ತನ್ನ ಕಣ್ಣ ಮುಂದೆ ದುರ್ಗೇಶಣ್ಣ ಈ ಕನೆಕ್ಟರ್ ಹಚ್ಚಿ ತೋರಿಸಿದರೆ ಕಂಬದ ಕೆಲಸ ಅವನದೇ ಅಂದ. ಮುಂದಿನ ರವಿವಾರ ಮುಂಜಾನೆ ಸವಣೂರಿನ ಆಫೀಸಿಗೆ ಬರಲು ಹೇಳಿದ. ನಾವು ಬೇಗನೇ ಹೋಗಿ ಕೂತೆವು. ಆದರೆ ಹತ್ತಿಮತ್ತೂರ ಕಡೆ ಕೇಬಲ್ ಕಡಿದುಹೋಗಿ ರುದ್ರೇಶ ಅಲ್ಲೇ ಸಿಕ್ಕಿಕೊಂಡ. ಬಂದೆ, ಬಂದೆ ಅಂತ ಫೋನು ಮಾತ್ರ ಬರುತ್ತಿತ್ತು. ಮಧ್ಯಾಹ್ನವಾದ ಹಾಗೆ ದುರ್ಗೇಶನ ಮಾತು ಕಡಿಮೆಯಾಯಿತು. ಗಡಿಯಾರ ನೋಡುತ್ತಾನೆ, ಕೈ ತೊಡೆಯ ಕೆಳಗೆ ಹಾಕುತ್ತಾನೆ. ಹಸಿವೆಯಾಗಿದೆ ಅಂದುಕೊಂಡು ಮಂಡಕ್ಕಿ ತಂದೆ. ತಿನ್ನಲಿಲ್ಲ.

ಊಟದ ಹೊತ್ತು ದಾಟಿದ ಮೇಲೆ ರುದ್ರೇಶ ಬಂದ. "ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾ, ನಡೀರಿ, ಮಾಡ್ರಿ," ಅಂತ ಎದುರಿಗೆ ಕೂತ.

ದುರ್ಗೇಶ ಎಳೆಯ ಸಿಪ್ಪೆ ತೆಗೆದ. ಸ್ಪಿರಿಟ್ ಹಚ್ಚಿ ಒರೆಸಿದ. ಎಳೆ ಅಲುಗದ ಹಾಗೆ ನಾನು ಮಾಡಿಕೊಟ್ಟಿದ್ದ ಸ್ಟ್ಯಾಂಡಿನಲ್ಲಿಟ್ಟು ತುದಿ ಕತ್ತರಿಸಿದ. ತಡವಾಯಿತು, ಆದರೂ ಆಯಿತು. ಬಾಯಿಯ ಹತ್ತಿರ ತಂದ. ತುದಿ ಹೊರಗಿನ ಅಂಚಿಗೆ ಬಡಿದು ಮುರಿಯಿತು. ಇನ್ನೊಂದು ಕತ್ತರಿಸಿದ, ಅದೂ ಮುರಿಯಿತು. ರುದ್ರೇಶ ಮರ್ಯಾದೆಗೆ ಮೊಬೈಲು ನೋಡುತ್ತಾ ಕೂತ. ನಾನು ಕಣ್ಣು ಪಿಳುಕಿಸದೆ ನೋಡುತ್ತಿದ್ದೆ, ಇದು ನಾನು ಅಳೆದ ಕೈ ಅಲ್ಲವೇ ಅಲ್ಲ.

ದುರ್ಗೇಶ ನನ್ನ ಕಡೆ ಬಾಗಿ ಮೆಲ್ಲಗೆ ಅಂದ: "ಸಮತಾ, ನನ್ನ ಚೀಲದಾಗ ಗುಳಿಗಿ ಅದಾವ. ಎರಡ ತಾ."

ಎರಡು ಯಾಕೆ ಅಂದುಕೊಳ್ಳುತ್ತಲೇ ಚೀಲ ತೆಗೆದೆ. ತಳದಲ್ಲಿ ಒಂದು ಪುಡಿಕೆ. ಬಿಚ್ಚಿದರೆ ಬಿಡಿ ಗುಳಿಗೆಗಳು, ಒಂದು ಮುಷ್ಟಿಯಷ್ಟು. ನುಂಗದೆ ಉಳಿಸಿದ ಸಂಜೆಯ ಗುಳಿಗೆಗಳು. ನಾನು ರೈಲಿನಲ್ಲಿರುವ ಹೊತ್ತಿನವು.

"ಏನೋ ಇದು?"

"ರವಿವಾರಕ್ಕ ಅಂತ ತಗದಿಟ್ಟಿದ್ದೆ," ಅಂದ. ತಲೆ ಎತ್ತಲಿಲ್ಲ. "ಎರಡೆರಡ ತಗೊಂಡ್ರ ಒಂದಿಷ್ಟ ಹೊತ್ತು ಕೈ ನಿಲ್ತಿತ್ತು. ಮುಂಜಾನೆ ತಗೊಂಡಿದ್ದೆ, ಬಲಾ ಇಳದುಹೋತು."

"ಯಾಕೋ? ಯಾಕ ಹಂಗ ಮಾಡಿದಿ?"

"ನೀ ಚೌಕ ಎಣಿಸಿ ನಗ್ತಿದ್ದಿ."

ರುದ್ರೇಶನ ಮುಂದೆ, ರೀ ಗೀ ಎಲ್ಲ ಮರೆತು, ಕಂಡಾಪಟ್ಟೆ ಬೈದೆ. ತಲೆ ಕೆಟ್ಟೈತೇನೋ ಅಂದೆ, ನನ್ನ ತಲಿ ಮ್ಯಾಲ ಕಲ್ಲ ಹಾಕಿದೆಲ್ಲೋ ಅಂದೆ. ಪಾಪ ರುದ್ರೇಶನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಜಗಳ ನಿಲ್ಲಿಸಲೆಂದು ಒಂದು ಎಳೆ ಕತ್ತರಿಸಿ, ಕನೆಕ್ಟರ್ ಎತ್ತಿಕೊಂಡು ತೂರಿಸಿದ. ಮೊದಲ ಸಲಕ್ಕೇ ಇಳಿಯಿತು. ಬೆಳಕು ಬಂತು.

"ಭಾರಿ ಮಾಡೀರಿ ಅಕ್ಕಾರ! ಇದನ್ನ ಯಾರ ಬೇಕಾದ್ರೂ ಹಚ್ಚಬಹುದ್ರಿ. ನಮ್ಮ ಹುಡುಗ್ರಿಗೆಲ್ಲಾ..." ಅಷ್ಟರಲ್ಲಿ ತಾನೇನು ಅಂದೆ ಅಂತ ಅವನಿಗೇ ಹೊಳೆಯಿತು. ಕನೆಕ್ಟರನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

ದುರ್ಗೇಶ ಮಾತ್ರ ಆ ಕೆಂಪು ಚುಕ್ಕೆಯನ್ನು ಬಾಗಿ ನೋಡಿದ, ಕೆಲಸಗಾರ ಕೆಲಸವನ್ನು ನೋಡುವ ಹಾಗೆ.

"ಚಲೋ ಕುಂತೈತಿ," ಅಂದ.

ಮನೆಗೆ ಬಂದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಮೊದಲೇ ನಿಜ ಹೇಳಿದ್ದರೆ ಬೇರೆ ನಮೂನೆಯನ್ನೇ ಹುಡುಕುತ್ತಿದ್ದೆ, ತೂರಿಸುವಾಗ ಎಳೆಯನ್ನು ಕೈ ಮುಟ್ಟದ ಹಾಗೆ, ಹಳಿಯ ಮೇಲೆ ಜಾರುವ ಪುಟ್ಟ ಗಾಡಿಯೇ ಅದನ್ನು ಬಾಯಿಗೆ ಒಯ್ಯುವ ಹಾಗೆ. ನಾಲ್ಕು ತಿಂಗಳು ಹಾಳಾಯಿತು. ಆ ತಿಂಗಳುಗಳಲ್ಲಿ ರೋಗವೇನು ಸುಮ್ಮನೆ ಕೂತಿರಲಿಲ್ಲ, ಅವನು ಗುಳಿಗೆ ಬಿಟ್ಟಂತೆಲ್ಲ ಕಂಬದ ಮೇಲೆ ಒದ್ದಾಡಿದ್ದಾನೆ. "ನಾ ಯಾರ ಕೈಗೆ ಮಾಡಿದೆ ಇದನ್ನ? ಹೇಳ, ಯಾರ ಕೈಗೆ?" ಅಂತ ಕೂಗಿದೆ.

"ನನ್ನ ಕೈಗೇ," ಅಂದ. "ಮೊದಲಿನ ಕೈಗೆ."

ಒಲೆಯ ಮುಂದೆ ಕೂತು ಸೀರೆಯ ಸೆರಗು ಕಚ್ಚಿಕೊಂಡು ಅತ್ತೆ.

ವಾರವಿಡೀ ಸಂಜೆಯ ಗುಳಿಗೆಗೆ ರೈಲಿನಿಂದಲೇ ಫೋನು ಮಾಡಿ, ನುಂಗಿದ ಶಬ್ದ ಕೇಳಿಸಿಕೊಂಡೆ. ರವಿವಾರ ಬಂತು. ಈ ಸಲ ಗುಳಿಗೆಯ ಬಲ ಇಳಿಯುವ ಹೊತ್ತಿಗೆ ಕಾದು ಕೂರಿಸಿದೆ. ಕಂಬದ ಮೇಲೆ ಕೆಲಸ ಮಾಡುವವನಿಗೆ ಎಲ್ಲ ಹೊತ್ತೂ ಕೆಲಸದ ಹೊತ್ತೇ. ಕಾಗದ ಹಾಸಿದೆ. ಅವನು ಎಳೆ ಹಿಡಿದ. ಕೆಂಪು ತುದಿ ಚೌಕಗಳನ್ನು ದಾಟಿ, ಕಾಗದದ ಅಂಚನ್ನೂ ದಾಟಿ ನೆಲದ ಮೇಲೆ ಹೋಗಿ, ಮತ್ತೆ ಬಂದು, ಮತ್ತೆ ಹೋಯಿತು. ಎಳೆಯನ್ನು ಆ ಪುಟ್ಟ ಗಾಡಿಯ ಮೇಲೆ ಕೂರಿಸುವುದು ದೂರ ಉಳಿಯಿತು, ಈ ಕೈ ಮುಚ್ಚಳವನ್ನೂ ಒತ್ತಲಾರದು. ನನಗೆ ಎಣಿಸಲಿಕ್ಕೆ ಏನೂ ಇರಲಿಲ್ಲ. ಆದರೂ ಮೊಬೈಲು ಹಿಡಿದುಕೊಂಡೇ ಇದ್ದೆ, ಅದರ ಹಿಂದೆ ಮುಖ ಇರಲಿ ಅಂತ.

"ಎಷ್ಟ ಬಂತು?" ಅಂದ.

ಇಷ್ಟು ವರ್ಷದ ಕೆಲಸದಲ್ಲಿ ನಾನು ಅಳತೆಯಲ್ಲಿ ಸುಳ್ಳು ಹೇಳಿದವಳಲ್ಲ.

"ಭಾಳ ಏನಿಲ್ಲ. ಸ್ವಲ್ಪ ಹೆಚ್ಚೈತಿ, ಅಷ್ಟ. ಬ್ಯಾರೆ ನಮೂನಿ ಮಾಡ್ತೇನಿ, ಆಗ್ತೈತಿ."

ಅವನು ಕಾಗದ ನೋಡಿದ. ಅದರ ಹೊರಗೆ ನೆಲದ ಮೇಲೆ ನಡುಗುತ್ತಿದ್ದ ತುದಿಯನ್ನೂ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಹೌದಾ? ಹಂಗಾರ ಚಲೋ ಆತು," ಅಂದ, ನಾನು ನಗಲಿ ಅಂತ.

ನಾನು ನಕ್ಕೆ.