ಕಾಡಿಗೆ ಕಟ್ಟುವಷ್ಟು ಕತೆ

ಮಾತಿನಮಲ್ಲಿ ಎಂದೇ ಹೆಸರಾಗಿದ್ದ ವರ್ಷಾ, ತೇಜನ ಕೈಹಿಡಿದು ವಿಜಯವಾಡಕ್ಕೆ ಬಂದಮೇಲೆ ಬಾಯಲ್ಲಿ ಕಡುಬು ತುಂಬಿಕೊಂಡವಳ ಹಾಗೆ ಸುಮ್ಮನಾಗಿದ್ದಳು. ತಂದೆ ಸೀನಪ್ಪ ಮಂಡ್ಯದ ಕಡೆಯವರು, ನೌಕಾಪಡೆಯ ಕೆಲಸ. ಅವಳು ಬೆಳೆದದ್ದು ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ. ಪಕ್ಕದ ಮನೆಯ ಅಜ್ಜಿಯ ಮಡಿಲಲ್ಲಿ ಕೂತು ಕಲಿತ ಆ ಸೀಮೆಯ ತೆಲುಗು ಅವಳದು. ಗವರ್ನರ್‌ಪೇಟೆಯ ಅತ್ತೆಮನೆಯಲ್ಲಿ ಅವಳು ‘ಏನು’ ಎನ್ನಲು ‘ಏಟಿ’ ಎಂದು ರಾಗ ಎಳೆದರೆ ಸಾಕು, ನಾದಿನಿ ಪ್ರತ್ಯೂಷಾ ಅದೇ ರಾಗ ತಿರುಗಿ ಹಾಡುವಳು. ಮನೆಯೆಲ್ಲ ನಗು. ಕೆಟ್ಟ ನಗುವೇನಲ್ಲ, ಆದರೂ ಮುಳ್ಳು ಸಣ್ಣದಾದರೆ ಚುಚ್ಚದೇನು?

ಫೋನಿನಲ್ಲಿ ತಾಯಿ ಮಂಗಳಾಗೌರಿ ಗದರಿದ್ದರು: “ನಮ್ ಮಂಡ್ಯದ್ ಮಾತ್ಗೆ ಮೈಸೂರ್ನೋರು ನಗ್ಲಿಲ್ವಾ? ನಾನೇನ್ ಬಾಯ್ಗೆ ಬೀಗ ಹಾಕ್ಕಂಡಿದ್ನಾ?”

ಶ್ರಾವಣದ ಮೊದಲ ಮಂಗಳವಾರ ಬಂತು. ಹೊಸ ಸೊಸೆ ಗೌರಿದೇವಿಯ ಮುಂದೆ ಕೂತು, ತುಪ್ಪ ಸವರಿದ ಕತ್ತಿಯನ್ನು ತಂಬಿಟ್ಟಿನ ದೀಪಗಳ ಮೇಲೆ ಹಿಡಿಯಬೇಕು; ವ್ರತದ ಕತೆ ಮುಗಿಯುವಷ್ಟರಲ್ಲಿ ಕಟ್ಟಿದ ಕಾಡಿಗೆಯನ್ನು ಬಂದ ಮುತ್ತೈದೆಯರಿಗೆಲ್ಲ ಹಚ್ಚಬೇಕು. ಕತೆ ಹೇಳಬೇಕಿದ್ದ ಅತ್ತೆ ದುರ್ಗಾಂಬನವರ ಗಂಟಲು ನೆಗಡಿಯಿಂದ ಕಟ್ಟಿತ್ತು. ಪ್ರತ್ಯೂಷಾ ಪುಸ್ತಕ ಹಿಡಿದು, ರೈಲು ತಪ್ಪುವವಳಂತೆ ಓದಿ ಮುಗಿಸಿದಳು. ಕತ್ತಿಯ ಮೇಲೆ ಹೊಗೆಯ ನೆರಳಷ್ಟೇ ಕೂತಿತ್ತು. ಕಾಡಿಗೆ ಕಟ್ಟದೆ ಏಳುವುದು ಶುಭವಲ್ಲ ಎಂದು ಯಾರೋ ಗೊಣಗಿದರು.

“ನಿನಗೆ ಬರುತ್ತಾ ಈ ಕತೆ?” ಅತ್ತೆ ಪಿಸುಗುಟ್ಟಿದರು.

ಬರುತ್ತಿತ್ತು, ಅಜ್ಜಿಯ ಬಾಯಲ್ಲಿ ಹೇಗಿತ್ತೋ ಹಾಗೆ ಮಾತ್ರ. ಇಷ್ಟು ಜನರೆದುರು ನಗೆಪಾಟಲಾದರೆ ಈ ಮನೆಯಲ್ಲಿ ಇನ್ನು ತಾನು ಬಾಯಿ ತೆರೆದ ಹಾಗೆಯೇ. ವರ್ಷಾ ಗೌರಿಯ ಮುಖ ನೋಡಿದಳು. ಈ ದೇವಿಗೆ ಯಾವ ಊರಿನ ಮಾತು ಮೈಲಿಗೆ? ಶುರುಮಾಡಿದಳು.

ಅವಳ ಕತೆಯ ಪಾರ್ವತಿ, ಸಂತೆಯಲ್ಲಿ ಮೀನು ಮಾರುವವಳಂತೆ ಸೊಂಟಕ್ಕೆ ಕೈಯಿಟ್ಟು ಶಿವನ ಮೇಲೆ ಜಗಳಕ್ಕೆ ನಿಂತಳು: ಏಟಿ ಸ್ವಾಮೀ, ಮಗು ಕೊಟ್ಟ ಕೈಗೆ ಆಯುಸ್ಸು ಕೊಡಲು ಏನು ರೋಗ? ಹೆಂಗಸರು ಗೊಳ್ಳೆಂದರು. ವರ್ಷಾಳ ನಾಲಿಗೆ ನಿಲ್ಲಲಿಲ್ಲ. ಅಲ್ಪಾಯುಷಿ ಮದುಮಗನನ್ನು ಕಚ್ಚಲು ಬಂದ ಹಾವು ಮಂಚದ ಕಾಲು ಹತ್ತಿ, ಮದುಮಗಳು ಅದರೆದುರು ಕೊಡ ಹಿಡಿಯುವ ಹೊತ್ತಿಗೆ ನಗು ಅಡಗಿ, ಅಕ್ಷತೆ ಹಿಡಿದ ಮುಷ್ಟಿಗಳೆಲ್ಲ ಬಿಗಿದಿದ್ದವು. ಕತ್ತಿ ಕಪ್ಪಗೆ ಮಿರುಗಿತು.

ಕಾಡಿಗೆ ಬೇಕಾದಷ್ಟಾಯಿತೆಂದು ವರ್ಷಾ ಕತ್ತಿ ಕೆಳಗಿಟ್ಟು ಏಳಹೋದಳು. ಪ್ರತ್ಯೂಷಾ ಅತ್ತಿಗೆಯ ಸೆರಗು ಹಿಡಿದೆಳೆದಳು.

“ಹಾವು ಕೊಡದೊಳಗೆ ಹೋಯ್ತೋ ಇಲ್ವೋ, ಅದನ್ನ ಹೇಳಿ ಏಳು ವದಿನಾ.”

“ಈಗ ತಾನೇ ನೀನೇ ಓದಿದೆಯಲ್ಲಮ್ಮಾ.”

“ಆ ಹಾವು ಬೇರೆ,” ಎಂದಳು ನಾದಿನಿ. “ಇದು ಪೆಂಡುರ್ತಿ ಹಾವು.”

ವರ್ಷಾ ನಕ್ಕು, ಮತ್ತೆ ಚಕ್ಕಳಮಕ್ಕಳ ಹಾಕಿ ಕೂತಳು.