ಡ್ರಾಪಿನ ಹಿಂದೆ

"ಕೈ ಬಿಟ್ಟೀ ಮತ್ತ!" ದಂಡೆಯ ಮೇಲಿಂದ ದೊಡ್ಡಬಸಮ್ಮ ಕೂಗಿದಳು.

ಸೊಸೆ ಗುರುಬಸಮ್ಮ ಕೈ ಬಿಟ್ಟಿರಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿದು, ಬಲಗೈ ಒಂದರಿಂದಲೇ ನೀರು ಬಡಿಯುತ್ತಿದ್ದಳು. ಸೊಂಟಕ್ಕೆ ಕಟ್ಟಿದ ಒಣ ಸೋರೆಬುರುಡೆಗಳು ಮುಳುಗಲು ಬಿಡಲಿಲ್ಲ. ಒಂಟಿ ಕೈ ಮುಂದಕ್ಕೂ ಒಯ್ಯಲಿಲ್ಲ. ಸುತ್ತು ಹೊಡೆದು ಹೊರಟ ಕಲ್ಲಿಗೇ ಬಂದು ತಾಗಿದಳು.

"ಅತ್ತಿಗೀ, ಗಾಣ ತಿರುಗಿದಂಗ ತಿರುಗಾಕತ್ತಿ. ಎಣ್ಣಿ ಎಷ್ಟು ಇಳೀತು?" ನಾದಿನಿ ಹಂಪಕ್ಕ ನೀರೊಳಗೆ ನಿಂತೇ ನಕ್ಕಳು. ಸಿರುಗುಪ್ಪಕ್ಕೆ ಮದುವೆಯಾಗಿ ಹೋದ ಮೇಲೆ ಹೊಳೆಯಲ್ಲಿ ಈಜು ಕಲಿತವಳು ಅವಳು. "ನನ್ನಂಗ ಶಿವದಾರ ಹಲ್ಲಾಗ ಕಚ್ಚಿಕೋ ಅಂದ್ರ, ನಿನಗ ಬಾಯಿ ಮುಚ್ಚಾಕ ಬರಂಗಿಲ್ಲ."

"ಬಾಯಿ ಮುಚ್ಚಿದ್ರ ಉಸುರು ಎಲ್ಲಿಂದ ತಗೊಳ್ಳಲೇ?"

ಸಿರಿಗೇರಿಯ ಆಚೆ, ಹತ್ತಿ ಹೊಲಗಳ ನಡುವೆ ಬರುವ ಉಪಕಾಲುವೆ ಅಲ್ಲಿ ಒಮ್ಮೆಲೇ ಒಂದೂವರೆ ಆಳು ಕೆಳಗೆ ಧುಮುಕುತ್ತದೆ. ಎಂಜಿನಿಯರುಗಳು ಡ್ರಾಪು ಅಂದರು, ಊರೂ ಡ್ರಾಪು ಅಂದಿತು. ಕೆಳಗೆ ಕಲ್ಲು ಕಟ್ಟಿದ ಹೊಂಡ. ಮಾನೌಮಿ ಹಬ್ಬ ಹತ್ತಿರ ಬಂತೆಂದರೆ ಮನೆಯ ಹೊದೆಯುವ ಕೌದಿಗಳನ್ನೆಲ್ಲ ಬಂಡಿಗೆ ಹೇರಿಕೊಂಡು ಹೆಂಗಸರು ಇಲ್ಲಿಗೆ ಬರುತ್ತಾರೆ. ಗುರುಬಸಮ್ಮ ಮದುವೆಯಾಗಿ ಬಂದ ವರ್ಷದಿಂದ ಕೌದಿ ಬಡಿಯುತ್ತ, ಆ ಬಿಳಿ ನೀರಿನ ಹಾಳೆಯನ್ನೇ ನೋಡುತ್ತ ಬಂದಿದ್ದಳು. ಅದರ ಹಿಂದೆ ಏನಿದೆ? ಗಂಡನನ್ನು ಕೇಳಿದರೆ, "ಏನಿರ್ತೈತಿ, ಗ್ವಾಡಿ" ಅಂದಿದ್ದ. ಅವನೂ ನೋಡಿರಲಿಲ್ಲ.

ಈ ಸಲ ತೂಬನ್ನು ಅರ್ಧ ಇಳಿಸಿದ್ದರು. ನೀರಿನ ಹಾಳೆ ತೆಳ್ಳಗಿತ್ತು, ಹೊಂಡ ಸುಮ್ಮನಿತ್ತು. ನಾಳೆ ನೀರು ಪೂರಾ ಬಿಡುತ್ತಾರೆಂದು ತೂಬಿನವನು ಹೇಳಿಹೋಗಿದ್ದ. ಆಮೇಲೆ ಆ ಹೊಂಡದ ಹತ್ತಿರ ಎಮ್ಮೆಯೂ ಸುಳಿಯುವುದಿಲ್ಲ.

"ಸಾಕು, ಮ್ಯಾಲ ಬಾ," ಎಂದಳು ದೊಡ್ಡಬಸಮ್ಮ.

ಗುರುಬಸಮ್ಮ ಮೆಟ್ಟಿಲು ಹತ್ತಿ ಬಂದಳು. ಒದ್ದೆ ಕೌದಿಯ ಒಂದು ತುದಿ ತಾನು ಹಿಡಿದಳು, ಇನ್ನೊಂದು ಅತ್ತೆ. ಇಬ್ಬರೂ ಹಿಂಡಿದರು. ನೀರು ಸೋರಿ ನಿಂತ ಮೇಲೂ ಸೊಸೆ ತಿರುವುತ್ತಲೇ ಇದ್ದಳು.

"ಕೌದಿ ಹರೀತೈತಿ, ಬಿಡು. ಏನು ಕಾಣಬೇಕಾಗೈತಿ ನಿನಗ ಅಲ್ಲಿ?"

"ಗೊತ್ತಿಲ್ರೀ ಅತ್ತಿ. ಗೊತ್ತಿದ್ರ ಯಾಕ ಹೋಗತಿದ್ದೆ?" ಎಂದವಳು, ಕೌದಿಯ ತುದಿ ಬಿಟ್ಟು, "ಹೋದ ವರ್ಷ ಆ ನೀರಿನ ಹಿಂದಿಂದ ಒಂದು ಹಕ್ಕಿ ಹಾರಿ ಬಂತ್ರಿ. ಮೈ ಒಂಚೂರೂ ತೊಯ್ದಿರಲಿಲ್ಲ," ಎಂದಳು.

ದೊಡ್ಡಬಸಮ್ಮ ಕೌದಿಯನ್ನು ಮಡಿಲಿಗೆ ಎಳೆದುಕೊಂಡು ನೀರಿನ ಕಡೆ ನೋಡಿದಳು. "ಅದನ್ನ ನಾನೂ ಕಂಡೀನಿ," ಎಂದಳು. ಆಮೇಲೆ, "ಕುಂದ್ರು ಇಲ್ಲಿ."

ಸೊಸೆಯ ಕೊರಳ ಶಿವದಾರವನ್ನು ಮೇಲಕ್ಕೆಳೆದು, ಕರಡಿಗೆಯನ್ನು ನೆತ್ತಿಯ ಮೇಲಿಟ್ಟು, ತಲೆಗೂ ಗದ್ದಕ್ಕೂ ಸೇರಿಸಿ ಹಳೆ ಸೀರೆಯ ಪಟ್ಟಿಯೊಂದನ್ನು ಬಿಗಿಯತೊಡಗಿದಳು.

"ತಲಿಗೆ ಕಟ್ಟಿದ್ರ ನಡೀತೈತೇನ್ರಿ?"

"ಎದಿ ಮ್ಯಾಲ ಇದ್ರೇನು, ತಲಿ ಮ್ಯಾಲ ಇದ್ರೇನು? ಸೊಂಟದ ಕೆಳಗ ಇಳೀಬಾರದು, ಮೈ ಬಿಟ್ಟು ಹೋಗಬಾರದು." ಗಂಟಿನ ಮೇಲೆ ಗಂಟು ಹಾಕಿ ಎಳೆದು ನೋಡಿದಳು. "ಕಳಕೊಂಡೀ ಅಂದ್ರ, ಅಯ್ಯನೋರು ಬಂದು ಇನ್ನೊಂದು ಕಟ್ಟೋತನಕ ಗುಟುಕು ನೀರು ಇಳಿಸಂಗಿಲ್ಲ. ನೀನೂ ಉಪವಾಸ, ನಾನೂ ಉಪವಾಸ."

"ಹಂಗಾದ್ರ ಬುತ್ತಿ ಪೂರಾ ನನಗ," ಎಂದಳು ಹಂಪಕ್ಕ.

"ಏ ಹಂಪೀ, ಬಾಯಿ ಮುಚ್ಚಿಕೊಂಡು ಆಕಿ ಜೋಡಿ ಇರು."

ಗುರುಬಸಮ್ಮ ಮತ್ತೆ ಇಳಿದಳು. ಎಡಗೈ ಅಭ್ಯಾಸದಿಂದ ಎದೆಗೆ ಹೋಯಿತು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಕೈ ನೀರಿಗೆ ಬಂತು. ಎರಡೂ ಕೈ ಚಾಚಿದಾಗ ಹೊಂಡದ ನಡುವೆ ಮೈ ನೆಟ್ಟಗೆ ಸಾಗಿತು. ಪಕ್ಕದಲ್ಲಿ ಹಂಪಕ್ಕ, "ಹಂಗಽ, ಹಂಗಽ," ಅನ್ನುತ್ತಿದ್ದಳು. ಮುಂದೆ ಮಾತು ಕೇಳಿಸಲಿಲ್ಲ. ನೀರು ಹೆಗಲಿನ ಮೇಲೆ ರಪರಪನೆ ಬಿತ್ತು, ಕಣ್ಣು ಮುಚ್ಚಿತು, ಅಂಗೈಗೆ ಕಲ್ಲು ಸಿಕ್ಕಿತು.

ಮೊದಲು ನೆತ್ತಿ ಮುಟ್ಟಿಕೊಂಡಳು. ಇತ್ತು.

ಗೋಡೆಯೇ. ಅದರ ಬುಡದಲ್ಲಿ ಮೂರು ಜನ ಒತ್ತಾಗಿ ಕೂಡಬಹುದಾದಷ್ಟು ಕಟ್ಟೆ, ಪಾಚಿ, ಹಸಿ ಸುಣ್ಣದ ವಾಸನೆ. ನೀರಿನ ಸದ್ದು ಇಲ್ಲಿ ಬೇರೆಯೇ ಆಗಿತ್ತು, ಮುಚ್ಚಿದ ಕೋಣೆಯಲ್ಲಿ ಯಾರೋ ಜೋಳ ಬೀಸುತ್ತಿರುವಂತೆ. ಕಟ್ಟೆ ಹತ್ತಿ ಕೂತು, ಮೊಣಕಾಲು ಅಪ್ಪಿಕೊಂಡು ಹೊರಗೆ ನೋಡಿದಳು. ಬಿಸಿಲು, ಬಂಡಿ, ದಂಡೆಯ ಮೇಲೆ ಹರವಿದ ಕೌದಿಗಳು ಎಲ್ಲ ನೀರಿನೊಳಗೆ ಕರಗಿ ಹರಿಯುತ್ತಿದ್ದವು. ಕೆಂಪು ಹಸಿರಿಗೆ ಸೇರುತ್ತಿತ್ತು, ಹಸಿರು ಆಕಾಶಕ್ಕೆ.

ಅದರ ನಡುವೆ ಅತ್ತೆಯ ಆಕಾರ ಬಾಗಿ ಬಾಗಿ ಇತ್ತ ಇಣುಕುತ್ತಿತ್ತು. ಕೂಗುತ್ತಿತ್ತೋ ಏನೋ, ಸದ್ದು ಒಳಗೆ ಬರಲಿಲ್ಲ. ಆಮೇಲೆ ಸೀರೆಯ ನಿರಿಗೆ ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಳಗಿನ ಮೆಟ್ಟಿಲಿಗೆ ಇಳಿದು, ಒಂದು ಕಾಲನ್ನು ಮೆಲ್ಲಗೆ ನೀರಿಗೆ ಇಟ್ಟಿತು.